ಅಜ್ಜನ ಗೊರಕೆ ಡಿಲೀಟ್ ಆಯಿತು

ಅಮರ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. 'ಮನೆ' ಫೋಲ್ಡರ್ ಇದ್ದಲ್ಲೇ ಇತ್ತು. ಅದರೊಳಗೆ ಏನೂ ಇರಲಿಲ್ಲ, ಅಷ್ಟೇ.

"ಏನ ಮಾಡಿದಿ?"

"ನೀನ ಹೇಳಿದ್ದಿ ಅಲ್ಲಾ, ಒಳಗ ಏನರೆ ಮಾಡು ಅಂತ," ಎಂದಳು ಶೀತಲ್.

ಹೇಳಿದ್ದು ನಿಜ. ತಂಗಿ ಸಿಕ್ಕಸಿಕ್ಕ ಗೇಮ್ ಹಾಕಿ ಮನೆಯ ಲ್ಯಾಪ್‌ಟಾಪ್ ಕೆಡಿಸುತ್ತಾಳೆಂದು ಅಮರ ಅದರಲ್ಲಿ ವರ್ಚುವಲ್ ಮಷಿನ್ ಮಾಡಿಕೊಟ್ಟಿದ್ದ. ಅಂದರೆ ಕಂಪ್ಯೂಟರಿನ ಒಳಗೆ ಇನ್ನೊಂದು ಸುಳ್ಳು ಕಂಪ್ಯೂಟರ್. ಒಳಗಿನದು ಹಾಳಾದರೂ ಹೊರಗಿನದಕ್ಕೆ ಏನೂ ಆಗುವುದಿಲ್ಲ ಎಂದು ದೊಡ್ಡ ಇಂಜಿನಿಯರನ ಗತ್ತಿನಲ್ಲಿ ಹೇಳಿದ್ದ. ಅವನಿನ್ನೂ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದ.

ಅವಳು ಬಿಡಿಸುವ ಚಿತ್ರಗಳನ್ನು ಹೊರಗೆ ಇಡಲಿ ಎಂದು ಮನೆಯವರ ಫೋಟೋ, ರೆಕಾರ್ಡಿಂಗ್ ಇದ್ದ 'ಮನೆ' ಫೋಲ್ಡರನ್ನು ಒಳಗಿನದಕ್ಕೂ ಶೇರ್ ಮಾಡಿದ್ದ. ಇವತ್ತು ಹೊಸ ಗೇಮ್‌ಗೆ ಜಾಗ ಸಾಲಲಿಲ್ಲ. ಒಳಗೆ ಕಂಡದ್ದು ಬರೀ ಕಾಪಿ ಎಂದುಕೊಂಡು ಶೀತಲ್ ಎಲ್ಲ ಡಿಲೀಟ್ ಮಾಡಿದಳು.

"ಕಾಪಿ ಅಲ್ಲ ಅದು. ಒಂದೇ ಖೋಲಿಗೆ ಎರಡು ಬಾಗಿಲ ಇದ್ದಂಗ," ಎಂದ ಅಮರ.

"ಇದನ್ನ ಮೊದಲ ಹೇಳಬೇಕಿತ್ತು."

ರಿಸೈಕಲ್ ಬಿನ್ ಖಾಲಿ. ಅಮರ ಏನೇನೋ ಸಾಫ್ಟ್‌ವೇರ್ ಓಡಿಸಿದ. ಜವಳದ ದಿನ ಬೋಳುತಲೆಯಲ್ಲಿ ಅವನೇ ಅಳುತ್ತಿರುವ ಫೋಟೋ ಒಂದು ವಾಪಸ್ಸು ಬಂತು. ಉಳಿದ ಫೋಟೋಗಳು ಅತ್ತೆಯ ಫೋನಿನಲ್ಲಿದ್ದವು. ಬೇರೆ ಎಲ್ಲೂ ಇಲ್ಲದ್ದು ಒಂದೇ: ಅಜ್ಜನ ಗೊರಕೆ.

ಅಜ್ಜ ಹೊಳಬಸಪ್ಪ ತಾನು ಗೊರಕೆ ಹೊಡೆಯುವುದೇ ಇಲ್ಲ ಎಂದು ವಾದಿಸುತ್ತಿದ್ದರು. ಒಂದು ಮಧ್ಯಾಹ್ನ ಶೀತಲ್ ಅವರ ತೆರೆದ ಬಾಯಿಯ ಹತ್ತಿರ ಫೋನ್ ಹಿಡಿದು ರೆಕಾರ್ಡ್ ಮಾಡಿದಳು. ಅಜ್ಜ ಕಿವಿಗೊಟ್ಟು ಕೇಳಿ, ಇದು ಮನೆ ಮುಂದಿನ ರೋಡಿನ ಟ್ರಕ್ ಎಂದುಬಿಟ್ಟರು.

ಹೋದ ವರ್ಷ ಅಜ್ಜ ತೀರಿಕೊಂಡರು. ಆಮೇಲೆ ಅಜ್ಜಿ ಸಾವಂತ್ರವ್ವ ರಜೆಯ ದಿನ ಊಟವಾದ ಮೇಲೆ ಅದನ್ನು ಹಚ್ಚಿಸಿಕೊಂಡು, ಬೈಯುತ್ತಾ ಬೈಯುತ್ತಾ ನಿದ್ದೆ ಹೋಗುತ್ತಿದ್ದರು.

ನೆಟ್‌ನಲ್ಲಿ ಬೇರೆ ಗೊರಕೆ ಹುಡುಕೋಣ, ಅಜ್ಜಿಗೆ ಗೊತ್ತಾಗುವುದಿಲ್ಲ ಎಂದ ಅಮರ. ಶೀತಲ್‌ಗೂ ಅದೇ ಸುಲಭವೆನಿಸಿತು. ಇಬ್ಬರೂ ಒಂದು ಒಳ್ಳೆ ದಪ್ಪನೆಯ ಗೊರಕೆ ಆರಿಸಿ ಅಜ್ಜಿಯ ದಿಂಬಿನ ಪಕ್ಕ ಹಚ್ಚಿದರು.

ಅಜ್ಜಿ ಕಣ್ಣು ತೆರೆದರು. "ಇಂವ ಯಾರು? ಗುರುತಿಲ್ಲದ ಗಂಡಸರನ್ನ ನನ್ನ ಖೋಲಿಗೆ ಯಾಕ ಕರಕೊಂಡ ಬಂದಿ?"

ಅಮರ ಬಾಗಿಲಿನ ಕಡೆ ಜಾರಿದ. ಶೀತಲ್ ಎಲ್ಲವನ್ನೂ ಹೇಳಿದಳು. ಹೇಳುವಷ್ಟರಲ್ಲಿ ಮೂಗು ಸೋರತೊಡಗಿತ್ತು.

ಅಜ್ಜಿ ಅದನ್ನು ಬಂದ್ ಮಾಡಿಸಿದರು. ಆಮೇಲೆ, "ನಿಮ್ಮಜ್ಜಂದು ಹಿಂಗಿತ್ತು, ಕೇಳು," ಎಂದು ಬಾಯಿ ತೆರೆದು ಶುರು ಮಾಡಿದರು. ಮೊದಲು ಕುಕ್ಕರಿನ ಹಾಗೆ ಬುಸುಬುಸು, ಆಮೇಲೆ ಟ್ರಕ್ ಘಾಟ್ ಹತ್ತಿದ ಹಾಗೆ. ಅಮರ ನಕ್ಕು ನಕ್ಕು ನೆಲಕ್ಕೆ ಕೂತ. ಶೀತಲ್‌ಗೂ ನಗು ತಡೆಯಲಾಗಲಿಲ್ಲ. ರೆಕಾರ್ಡ್ ಮಾಡಲು ಅಮ್ಮನ ಹಳೆಯ ಫೋನ್ ತಂದಳು.

ಗೊರಕೆ ಏರಿ ಏರಿ ತಟ್ಟನೆ ನಿಂತಿತು.

"ಯಾಕ ಅಜ್ಜಿ?"

ಅಜ್ಜಿ ಬೆರಳೆತ್ತಿದರು. "ಹಿಂಗ ನಡುವ ನಿಂತಬಿಡತಿತ್ತು. ಮತ್ತ ಶುರು ಆಗೂತನಕ ನಾ ಎಚ್ಚರ ಇರತಿದ್ದೆ."

ಅಜ್ಜಿ ಪಕ್ಕದಲ್ಲಿದ್ದ ಅಜ್ಜನ ಖಾಲಿ ಮಂಚದ ಕಡೆ ಮುಖ ಮಾಡಿದರು. ಶೀತಲ್ ಫೋನನ್ನು ಕೆಳಗಿಟ್ಟು ಅಜ್ಜಿಯ ಪಕ್ಕ ಮಲಗಿದಳು. ಉಸಿರು ಬಿಗಿಹಿಡಿದು ಅವಳೂ ಕಾದಳು.