ಮಳೆ ಪುಸ್ತಕದ ಹರಿದ ಹಾಳೆ

"ಉಮೇಶ್ ಅವ್ರೆ, ಇಲ್ಲೊಂದು ಹಾಳೆ ಹರಿದಿದೆಯಲ್ಲ, ಎಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಂಚದ ಮೇಲೆ ಒರಗಿದ್ದ ಉಮೇಶ ದಿಂಬು ಮುಟ್ಟಿ ನೋಡಿಕೊಂಡ. ವಕೀಲೆ ರೂಪಶ್ರೀಗೆ ಅಷ್ಟೇ ಸಾಕಾಯಿತು.

ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಅವನು ರೈಟರ್, ಲೆಕ್ಕಪತ್ರ ಬರೆಯುವವನು. ಕೆಮ್ಮು ಎಂದು ಹೋದವನನ್ನು ಖಾಸಗಿ ಆಸ್ಪತ್ರೆಯವರು ಹನ್ನೊಂದು ತಿಂಗಳು 'ಧೂಳಿನ ಅಲರ್ಜಿ' ಎಂದು ಸಿರಪ್ ಕೊಟ್ಟು ಕಳಿಸಿದ್ದರು. ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ಈಗ ಕೇಸು ಹಾಕಿದರೆ, ಕೊನೆಯ ತಿಂಗಳಿಗೆ ಮುಂಚೆ ಅವನು ಬಂದೇ ಇಲ್ಲ ಎನ್ನುತ್ತಿದ್ದರು. ಚೀಟಿಗಳೆಲ್ಲ ಅಂಗಿ ಜೇಬಿನಲ್ಲೇ ಒಗೆತಕ್ಕೆ ಹೋಗಿದ್ದವು.

ಸಾಕ್ಷಿಗೆ ಉಳಿದದ್ದು ಎಸ್ಟೇಟಿನ ಮಳೆ ಪುಸ್ತಕ. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟ್ಸ್ ಬರೆಯುವುದು, ಕಾಯಿಲೆ ಬಿದ್ದ ಮೇಲೂ, ಉಮೇಶನ ಕೆಲಸ. ಬೇರೆಯವರು ಅಳೆದ ದಿನ ಕಾರಣವನ್ನೂ ಬರೆಯಬೇಕು. 'ಒಂದು ಇಂಚು ಇಪ್ಪತ್ತು ಸೆಂಟ್ಸ್. ನಾನು ಆಸ್ಪತ್ರೆಗೆ. ಎಕ್ಸ್‌ರೇ ಬೇಡ ಅಂದರು.' ಇಂಥವು ಒಂಬತ್ತು ಸಾಲು.

"ಒಂದು ಹಾಳೆ ಇಲ್ಲ ಅಂದ್ರೆ ಇಡೀ ಪುಸ್ತಕನೇ ಸುಳ್ಳು ಅಂತಾರೆ ಮಾರಾಯ್ರೆ. ನಾಳೆ ಗ್ರಾಹಕರ ಆಯೋಗಕ್ಕೆ ಕೊಡ್ಬೇಕು."

ಅವನು ದಿಂಬಿನಡಿಯಿಂದ ಮಡಿಸಿದ ಹಾಳೆ ತೆಗೆದ. "ನಗಬಾರ್ದು."

'ಮಳೆ ಇಲ್ಲ. ಲಾಯರ್ ಬಂದರು.'

'ಹತ್ತು ಸೆಂಟ್ಸ್. ಲಾಯರ್ ಬರಲಿಲ್ಲ.'

'ಮಳೆ ಇಲ್ಲ. ಲಾಯರ್ ನಕ್ಕರು. ಸಂಜೆವರೆಗೂ ಕೆಮ್ಮು ಬರಲಿಲ್ಲ.'

ರೂಪಶ್ರೀ ನಗಲಿಲ್ಲ. ಅಕ್ಷರಗಳು ಮಂಜಾದವು.

"ಇದನ್ನೂ ಕೊಡ್ಬೇಕಾ?"

"ಕೊಡ್ಲೇಬೇಕು. ಆದ್ರೆ ಈ ಕೇಸು ನಾನಿನ್ನು ನಡೆಸಲ್ಲ. ನಮ್ಮ ಸೀನಿಯರ್ ದೇವರಾಜ ಸರ್ ನಡೆಸ್ತಾರೆ."

ಅವನ ಮುಖ ಸಣ್ಣದಾಯಿತು. "ತಪ್ಪಾಯ್ತು ಮೇಡಂ. ನಾನು ಇನ್ನೆಷ್ಟು ದಿನದವನೋ. ಬರೀಬಾರ್ದಿತ್ತು."

"ಲಾಯರಿಗೂ ಇವ್ರಿಗೂ ಪ್ರೀತಿ, ಅದಕ್ಕೇ ಹೀಗೆಲ್ಲ ಬರ್ಸಿದಾಳೆ ಅಂತಾರೆ ಆಸ್ಪತ್ರೆಯವ್ರು. ಬರ್ಸಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ಪ್ರೀತಿ ಇಲ್ಲ ಅಂತ ಹೇಗೆ ಹೇಳ್ಲಿ?"

ಉಮೇಶ ಏನೋ ಹೇಳಲು ಹೋದ. ಕೆಮ್ಮು ಬಂತು, ಟವೆಲಿನಲ್ಲಿ ರಕ್ತ ಕಂಡಿತು. ಅವಳು ಬೆನ್ನು ನೀವುತ್ತಾ ಕುಳಿತಳು. ಹೆಚ್ಚೆಂದರೆ ಆರು ತಿಂಗಳು ಎಂದಿದ್ದರು ಡಾಕ್ಟರು. ಕೇಸು ಮುಗಿಯಲು ಅದಕ್ಕಿಂತ ಹೆಚ್ಚು ಬೇಕು. ಇಬ್ಬರಿಗೂ ಗೊತ್ತಿತ್ತು.

ಕೆಮ್ಮು ನಿಂತ ಮೇಲೆ ಅವಳು ಬ್ಯಾಗಿನಿಂದ ಒಂದು ಖಾಲಿ ನೋಟ್‌ಬುಕ್ ತೆಗೆದು ತಾರೀಖು ಹಾಕಿದಳು.

"ಹಳೇದು ಆಯೋಗಕ್ಕೆ ಹೋಗುತ್ತೆ. ಹೇಳು ಮಾರಾಯ, ಇವತ್ತೆಷ್ಟು ಮಳೆ?"

ಅವಳ ಬಾಯಲ್ಲಿ 'ನೀವು' ಹೋದದ್ದು ಅವನಿಗೆ ಕೇಳಿಸಿತು. "ಇಲ್ಲ," ಎಂದ ಮೆಲ್ಲಗೆ.

ಅವಳು ಬರೆದಳು: 'ಮಳೆ ಇಲ್ಲ. ರೂಪಾ ಬಂದಳು. ಹೋಗಲಿಲ್ಲ.'