ಬಿಲ್ಲೆಯ ಮೂರನೇ ಬಾಜು

ಜಿನದತ್ತನ ಕಣ್ಣಿಗೆ ಮೊದಲು ಬಿದ್ದದ್ದು ಬಿಲ್ಲೆ. ಅದರ ಮೇಲೆ ವಿಭೂತಿ ಎಳೆಯುತ್ತಿದ್ದ ಬೆರಳುಗಳು ಕಂಡದ್ದು ಆಮೇಲೆ. ನ್ಯಾಯವಾಗಿ ಹೇಳುವುದಾದರೆ, ಮುಂದೆ ಅವನ ಬದುಕು ಹಾಳಾದದ್ದು ಈ ಹಿಂದುಮುಂದಿನಿಂದಲೇ.

ಮೂಡಲಗಿಯಲ್ಲಿ ಮುರಿಗೆಪ್ಪನವರ ಮನೆಯ ದೇವರ ಜಗಲಿ. ಸೋಮವಾರ ಬೆಳಗು. ಹಿತ್ತಾಳೆಯ ಬಸವಣ್ಣನ ಪಕ್ಕದಲ್ಲಿ ಬೆಳ್ಳಿ ಅಂಚಿನ, ಕರಿ ಕಬ್ಬಿಣದ, ಅಂಗೈಯಷ್ಟೂ ಇಲ್ಲದ ಒಂದು ಶಿಲುಬೆ. ನಡುವೆ ಕೈಸರ್ ದೊರೆಯ ಹೆಸರಿನ ಮೊದಲಕ್ಷರ, ಕೆಳಗೆ 1914. ಜರ್ಮನ್ ಚಕ್ರವರ್ತಿ ತನ್ನ ಸಿಪಾಯಿಗಳಿಗೆ ಹಂಚಿದ ಪದಕ ಇಲ್ಲಿ ವಾರಕ್ಕೊಮ್ಮೆ ಮೂರು ಎಳೆ ವಿಭೂತಿ, ಒಂದು ಸೇವಂತಿಗೆ ಹೂ ಪಡೆದು ಸುಖವಾಗಿತ್ತು.

ಆಮೇಲೆ ಬೆರಳು. ಉಗುರಿನಂಚಿಗೆ ಕೆಂಪು ಶಾಯಿ ಹತ್ತಿದ, ಉಂಗುರವಿಲ್ಲದ ಬೆರಳು. ಆಮೇಲೆ ಅವಳು ತಿರುಗಿದಳು.

"ಗೋಕಾಕದ ಅರಿವಿ ಅಂಗಡಿಯವರು ನೀವ ಏನ್ರಿ? ಚಪ್ಪಲ ಹೊರಗ ಬಿಟ್ಟ ಬರ್ರಿ."

ನೀರು ಸೋಸಿ ಕುಡಿಯುವ ಜೈನರ ಮನೆಯಲ್ಲಿ ಹುಟ್ಟಿ, ಮೂವತ್ತೈದು ದಾಟಿದ್ದ ಜಿನದತ್ತ ದೇವರ ಮುಂದೆ ಚಪ್ಪಲಿ ಬಿಡುವುದನ್ನು ಅಲ್ಲಿಯವರೆಗೆ ಮರೆತಿರಲಿಲ್ಲ.

ಅವನ ಹುಚ್ಚು ಊರಿಗೆಲ್ಲ ಗೊತ್ತಿತ್ತು. ಬಟ್ಟೆ ಅಂಗಡಿಯ ಗಲ್ಲೆಯ ಹಿಂದೆ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಕೈಸರನ ಸೈನ್ಯದ ಪದಕಗಳು, ಬೆಲ್ಟಿನ ಬಕಲ್ಲುಗಳು, ತಲೆಯ ಮೇಲೆ ಭರ್ಚಿಯ ಮೊನೆಯಿದ್ದ ಒಂದು ಚರ್ಮದ ಟೊಪ್ಪಿಗೆ. ಒಂದೊಂದನ್ನೂ ಆನ್‌ಲೈನ್ ಹರಾಜಿನಲ್ಲಿ ಹಿಡಿದು, ಕಸ್ಟಮ್ಸಿನವರಿಗೆ ತಿಳಿಹೇಳಿ ತರಿಸಿದ್ದು. "ಇರಿವಿ ತುಳಿಯದಂಗ ನಡಿಯೋ ಮಂದಿ ನಾವು. ಖೂನ ಮಾಡಿದವರ ಸಾಮಾನಕ್ಕ ನಮ್ಮ ಮನ್ಯಾಗ ಲೈಟ ಬ್ಯಾರೆ ಹಾಕ್ಯಾನ," ಎನ್ನುತ್ತಿದ್ದಳು ತಾಯಿ ರಾಜಮತಿ. ಅಂಕಲಗಿಯಿಂದ ಬಂದ ಹೆಣ್ಣಿನ ಕಡೆಯವರು ಆ ಟೊಪ್ಪಿಗೆ ನೋಡಿದ್ದೇ ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದರು.

ಹೆದರದೆ ನಿಂತವನು ಮುರಿಗೆಪ್ಪನೊಬ್ಬನೇ. ಧೋತರ ಕೊಳ್ಳಲು ಬಂದವನು ಗಾಜಿಗೆ ಮೂಗು ಹಚ್ಚಿ, "ಇಂಥಾದ್ದ ನಮ್ಮ ಮನ್ಯಾಗೂ ಒಂದೈತ್ರಿ. ಪೂಜಿ ಮಾಡತೇವಿ," ಎಂದಿದ್ದ. ಮರುವಾರವೇ ಜಿನದತ್ತ ಕರದಂಟಿನ ಡಬ್ಬಿ ಹಿಡಿದು ಮೂಡಲಗಿಯ ಬಸ್ಸು ಹತ್ತಿದ್ದ.

ಬಿಲ್ಲೆಯ ಕಥೆ ಹೇಳಿದವಳು ಮುರಿಗೆಪ್ಪನ ತಾಯಿ ಕಾಶೆವ್ವ.

"ನಮ್ಮಪ್ಪ ಪಲ್ಟನ್ಯಾಗ ಹೇಸರಗತ್ತಿ ಕಾಯಾಂವ. ಫ್ರಾನ್ಸ್ ದೇಶದಾಗ ಒಬ್ಬ ಜರ್ಮನ್ ಮನಿಷಾ ಕೆಸರಾಗ ಬಿದ್ದಿದ್ನಂತ. ಅಪ್ಪ ನೀರ ಕೊಟ್ಟ. ಆಂವ ಕಿಸೆದಾಗಿಂದ ಇದನ್ನ ತಗದ ಕೈಯಾಗ ಇಟ್ಟ."

"ಬದುಕಿದ್ನೇನ್ರಿ ಆಂವ?"

"ನೀರ ಕುಡದ ಸತ್ತ. ನನ್ನ ಲಗ್ನದಾಗ ಅಪ್ಪ ಇದನ್ನ ನನ್ನ ಉಡ್ಯಾಗ ಹಾಕಿದ. ಹೆಣ್ಣಮಕ್ಕಳ ಉಡ್ಯಾಗ ಹೋಗೂದು ಇದರ ಪದ್ಧತಿ."

ಒಂದೇ ಸಲ ನಡೆದದ್ದಕ್ಕೆ ಪದ್ಧತಿ ಎನ್ನಬಹುದೇ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಾಶೆವ್ವನಿಗೆ ಹೆಣ್ಣುಮಕ್ಕಳಿಲ್ಲ. ಎರಡನೆಯ ಸಲ ನಡೆಯಬೇಕಾದದ್ದು ಮೊಮ್ಮಗಳು, ಆ ಶಾಯಿಬೆರಳಿನ ಶೈಲಾಳ ಉಡಿಯಲ್ಲಿ: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಎಲೆ ಅಡಿಕೆ, ಅದರ ಮೇಲೆ ಕೈಸರನ ಶಿಲುಬೆ.

"ಭಾಳ ಅಪರೂಪದ್ದೇನ್ರಿ ಇದು?" ಎಂದು ಕೇಳಿದಳು ಶೈಲಾ. ಅವಳು ಅಲ್ಲಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಕೇಳುವಾಗ ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಮೇಲಿನದು ಪ್ರಶ್ನೆ ಕೇಳುತ್ತಿತ್ತು, ಕೆಳಗಿನದು ಉತ್ತರ ನಂಬುವುದಿಲ್ಲವೆಂದು ಮೊದಲೇ ಹೇಳುತ್ತಿತ್ತು.

ಅಪರೂಪದ್ದಲ್ಲ. ಅದು ಜಿನದತ್ತನಿಗೆ ಬಾಗಿಲಿನಿಂದಲೇ ಗೊತ್ತಾಗಿತ್ತು. ಎರಡನೇ ದರ್ಜೆಯ ಕಬ್ಬಿಣದ ಶಿಲುಬೆ. ಆ ಯುದ್ಧದಲ್ಲಿ ಐವತ್ತು ಲಕ್ಷ ಹಂಚಿದ್ದರು. ಅವನ ಪೆಟ್ಟಿಗೆಯಲ್ಲೇ ನಾಲ್ಕಿದ್ದವು. ಅಷ್ಟು ಹೇಳಿದರೆ ಕರದಂಟಿನ ಡಬ್ಬಿ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾಗುತ್ತಿತ್ತು.

"ಒಮ್ಮೆಗೇ ಹೇಳಾಕ ಬರೂದಿಲ್ರಿ. ಭೂತಗನ್ನಡಿ ತಂದು ನೋಡಬೇಕಾಗತೈತಿ," ಎಂದ.

ಭೂತಗನ್ನಡಿ ತಂದ. ಮುಂದಿನ ಸಲ ಬಿಲ್ಲೆ ತೂಗುಹಾಕುವ ಉಂಗುರದ ಮೇಲಿನ ಕಾರ್ಖಾನೆಯ ಮುದ್ರೆ ನೋಡಿದ. ಮತ್ತೊಮ್ಮೆ ಬೆಳಗಿನ ಬಿಸಿಲಿನಲ್ಲಿ ಫೋಟೋ ತೆಗೆದ. ಸಂಜೆಯ ಬಿಸಿಲಿನದೂ ಬೇಕೆಂದು ಇನ್ನೊಮ್ಮೆ ಬಂದ. ಮಳೆಗಾಲ ಬಂದಾಗ ಬೆಳಕು ಸರಿಯಿಲ್ಲವೆಂಬ ನೆವ ತಾನಾಗಿಯೇ ಒದಗಿತು.

"ಇವತ್ತ ಯಾವ ಬಾಜು ನೋಡಾವ್ರು? ಮುಂದಿಂದೋ, ಹಿಂದಿಂದೋ?" ಶೈಲಾ ಚಹಾದ ಕಪ್ಪು ಇಡುತ್ತ ಕೇಳುವಳು.

"ಅಂಚು ನೋಡೂದೈತ್ರಿ."

"ಅಂಚು ಹೋದ ಸಲಾನ ಆತು."

"ಇನ್ನೊಂದ ಬಾಜು ಉಳದೈತಿ."

"ಮೂರನೇ ಬಾಜು ಇಲ್ಲ ನೋಡ್ರಿ ಅದಕ್ಕ," ಎನ್ನುವಳು. ನಗು ಬಾಯಿಗೆ ಬರುವ ಮೊದಲೇ ಕಣ್ಣಿಗೆ ಬಂದಿರುತ್ತಿತ್ತು. ಅದನ್ನು ಅಡಗಿಸಲು ಜಗಲಿಯ ಕಡೆ ತಿರುಗುವಳು. ತಿರುಗಿದರೆ ಜಡೆ ಕಾಣುತ್ತಿತ್ತು. ಜಿನದತ್ತನಿಗೆ ಅದೂ ನಡೆಯುತ್ತಿತ್ತು.

ಹುಣಸೆಹಣ್ಣಿನ ಪಾಠ ಅವನು ಹೇಳಿಕೊಟ್ಟದ್ದು ಇಂಥ ಒಂದು ದಿನವೇ. ಹಬ್ಬಕ್ಕೆಂದು ಹುಣಸೆಹಣ್ಣು ಹಚ್ಚಿ ದೇವರ ಸಾಮಾನು ತಿಕ್ಕಲು ಕುಳಿತಿದ್ದ ಕಾಶೆವ್ವ ಬಿಲ್ಲೆಗೂ ಕೈ ಹಾಕಿದಾಗ ಅವನು ಎದ್ದು ನಿಂತುಬಿಟ್ಟಿದ್ದ. "ಬ್ಯಾಡ ಆಯಿ! ಹಳೇ ಸಾಮಾನ ತಿಕ್ಕಬಾರದು, ಒರಸಬಾರದು. ಅದರ ಮ್ಯಾಲ ಕುಂತಿದ್ದ ಕಾಲ ಒಮ್ಮೆ ಹ್ವಾದ್ರ ಮತ್ತ ಬರೂದಿಲ್ಲ. ಕಿಮ್ಮತ್ತ ಹೋಗತೈತಿ."

"ಬಿಲ್ಲಿ ಬಗ್ಗೆ ಮಾತಾಡೂಮುಂದ ನಿಮ್ಮ ದನಿ ಎಷ್ಟ ಮೆತ್ತಗಾಗತೈತಿ," ಎಂದಳು ಶೈಲಾ. ಉತ್ತರಕ್ಕಾಗಿ ಕಾದಳು ಕೂಡ. ಅವನು ಬೆಳ್ಳಿಯ ಶುದ್ಧತೆಯ ಕುರಿತು ಸವಿಸ್ತಾರವಾಗಿ ಮಾತಾಡಿದ.

ಹೇಳದಿರಲು ಅವನ ಬಳಿ ಕಾರಣಗಳಿದ್ದವು. ಅವರ ಮನೆಯಲ್ಲಿ ಲಿಂಗ, ಇವರ ಮನೆಯಲ್ಲಿ ಜಿನಬಿಂಬ. ಎರಡೂ ಮನೆಯಲ್ಲಿ ತತ್ತಿ ಬೇಯುವುದಿಲ್ಲ ನಿಜ, ಆದರೆ ಮದುವೆಯ ಮಾತಿಗೆ ಅಷ್ಟೇ ಸಾಲದು. ಈ ಕಾರಣಗಳನ್ನೂ ಅವನು ಪದಕಗಳಂತೆಯೇ ಜೋಪಾನ ಮಾಡಿದ್ದ. ಬಸ್ಸಿನಲ್ಲಿ ಹಿಂದಿರುಗುವಾಗ ಒಂದೊಂದಾಗಿ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದ.

ಹೆಣ್ಣು ನೋಡಲು ಹುಕ್ಕೇರಿಯವರು ಬಂದು ಹೋದ ಸುದ್ದಿ ಅವನಿಗೆ ಶೈಲಾಳಿಂದಲೇ ತಿಳಿಯಿತು. ಬೀಳ್ಕೊಡಲು ಹೊಸ್ತಿಲವರೆಗೆ ಬಂದವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಹುಡುಗನ ಹೆಸರ ಓಂಕಾರ. ನಿಡಸೋಸಿ ಕಾಲೇಜಿನ್ಯಾಗ ಕೆಲಸ. ಮನಿತನ ಚಲೋ ಐತಂತ. ಅಪ್ಪ ನನ್ನ ಕೇಳಾಕತ್ತಾರ."

ಜಿನದತ್ತನ ಒಂದು ಕೈಯಲ್ಲಿ ಭೂತಗನ್ನಡಿ, ಒಂದು ಕಾಲಲ್ಲಿ ಚಪ್ಪಲಿ.

"ನೀವೇನಂತೀರಿ?" ಎಂದಳು. ಈ ಸಲ ಎರಡೂ ಹುಬ್ಬು ಒಂದೇ ಮಟ್ಟದಲ್ಲಿದ್ದವು. ಕಣ್ಣು ಅವನ ಮುಖ ಬಿಟ್ಟು ಕದಲಲಿಲ್ಲ.

ಜಿನದತ್ತ ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡ. ಆಗ ಬಾಯಿಂದ ಹೊರಬಿದ್ದ ಮಾತನ್ನು ಅವನು ಸಾಯುವವರೆಗೆ ಮರೆಯಲಾರ.

"ಬಿಲ್ಲಿ ನಿಮ್ಮ ಕೂಡ ಹುಕ್ಕೇರಿಗೆ ಹೋಗತೈತಲ್ರಿ. ಹುಣಸೀಹಣ್ಣ ಹಚ್ಚಬ್ಯಾಡ್ರಿ ಅಂತ ಅವರಿಗೆ ಹೇಳ್ರಿ."

ಶೈಲಾ ನಕ್ಕಳು. ಒಳ್ಳೆಯ ನಗುವೇ. ಬಾಯಿಗೆ ಮಾತ್ರ ಬಂದಿತ್ತು.

ಮದುವೆಯ ಜವಳಿ ತೆಗೆಯಲು ಎರಡೂ ಮನೆಯವರು ಗೋಕಾಕಕ್ಕೇ ಬಂದರು. ಅದೂ ಅವನ ಅಂಗಡಿಗೇ. "ಮನಿ ಹುಡುಗನ ಅಂಗಡಿ ಬಿಟ್ಟ ಬ್ಯಾರೆ ಕಡೆ ಯಾಕ ಹೋಗೂದು," ಎಂದ ಮುರಿಗೆಪ್ಪ. ಅವನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ; ಇದ್ದಿದ್ದರೆ ಜಿನದತ್ತನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಬಿಳಿಯ ಗಾದಿಯ ಮೇಲೆ ಸೀರೆಗಳು ಬಿಚ್ಚಿಕೊಂಡವು. ಓಂಕಾರನ ತಾಯಿ ಒಂದನ್ನು ಬೆರಳಿನಿಂದ ತೀಡಿ, "ಅಕ್ಕಿಕಾಳಿಗೆ ಇದ ಆಗಬಹುದು. ಸೆರಗ ಹೆಂಗ ಬೀಳತೈತಿ, ಒಂಚೂರ ಹಾಕ್ಕೊಂಡ ತೋರಸ್ರಿ," ಎಂದಳು.

ಬಟ್ಟೆ ಅಂಗಡಿಯವನಿಗೆ ಇದೇನು ಹೊಸದಲ್ಲ. ಮಣಗಟ್ಟಲೆ ಮದುವೆ ಸೀರೆಗಳನ್ನು ಹೀಗೆ ತನ್ನ ಹೆಗಲ ಮೇಲೆ ಹಾಕಿ ತೋರಿಸಿಯೇ ಅವನು ಮಾರಿದ್ದ. ಇವತ್ತೂ ಎದ್ದು ನಿಂತ. ಮುಹೂರ್ತದಲ್ಲಿ ಅಕ್ಷತೆ ಬೀಳುವಾಗ ಶೈಲಾ ಉಡಬೇಕಾದ ಅಕ್ಕಿಕಾಳಿನ ಸೀರೆಯನ್ನು ಸೊಂಟಕ್ಕೆ ಸುತ್ತಿ, ನಿರಿಗೆ ಹಿಡಿದು, ಅಂಗಿಯ ಮೇಲೆ ಸೆರಗು ಇಳಿಬಿಟ್ಟು, ಕನ್ನಡಿಯ ಮುಂದೆ ತಿರುಗಿದ. ಜರಿ ಟ್ಯೂಬ್‌ಲೈಟಿಗೆ ಹೊಳೆಯಿತು.

"ಇವಂಗ ಚಂದ ಒಪ್ಪತೈತಿ ನೋಡ್," ಎಂದಳು ಕಾಶೆವ್ವ. ಎಲ್ಲರೂ ನಕ್ಕರು. ಅವನೂ ನಕ್ಕ.

ಶೈಲಾ ನಗಲಿಲ್ಲ. ಕನ್ನಡಿಯೊಳಗಿಂದ ಅವನನ್ನೇ ನೋಡುತ್ತಿದ್ದಳು. ತನ್ನ ಮದುವೆ ಸೀರೆಯನ್ನುಟ್ಟು ನಿಂತ ಗಂಡಸನ್ನು ನೋಡಿ ಏನು ಮಾಡಬೇಕೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ಇದ ಇರಲಿ," ಎಂದಳು. "ಬ್ಯಾರೆ ತೋರಸಬ್ಯಾಡ್ರಿ."

ಹಿರಿಯರು ಚಹಾ ಕುಡಿಯಲು, ಗಂಡಿನ ಅಂಗಿ ನೋಡಲು ಆಚೆ ಸರಿದಾಗ ಅವಳು ಗಲ್ಲೆಯ ಹತ್ತಿರ ಬಂದಳು. ಪರ್ಸಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಇಟ್ಟಳು. ಬಿಚ್ಚುವ ಮೊದಲೇ ಅದರ ತೂಕ ಅವನಿಗೆ ತಿಳಿಯಿತು.

"ಇದು ನಿಮ್ಮ ಉಡ್ಯಾಗ ಹೋಗೂದಲ್ರಿ?"

"ಆಯಿನ್ನ ಕೇಳೇನಿ. ಯಾರ ಇದರ ಬೆನ್ನ ಹತ್ತಿ ಅಷ್ಟ ಅಡ್ಡಾಡಿದ್ರೋ ಅವರಿಗೇ ಕೊಡು ಅಂದ್ಳು. ಇಟ್ಕೋರಿ. ಇದನ್ನ ಕೇಳಾಕ ಬಂದಿದ್ರಿ."

ಆಗ ಅವನ ಬಾಯಿ ತೆರೆಯಿತು. ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಓಡಿ ಬಂದವನಂತೆ ಏದುಸಿರಿನಲ್ಲಿ ಹೇಳಿದ. "ಶೈಲಾ, ಇದು ಅಪರೂಪದ್ದಲ್ಲ. ಇಂಥಾವ ಐವತ್ತ ಲಕ್ಷ ಅದಾವ. ನೋಡ್ರಿ, ನನ್ನ ಪೆಟ್ಟಿಗ್ಯಾಗನ ನಾಲ್ಕ ಅದಾವ. ಮೊದಲನೇ ದಿನಾನ ನನಗ ಗೊತ್ತಿತ್ತು. ನಾ ಬರತಿದ್ದದ್ದು ಇದನ್ನ ನೋಡಾಕಲ್ಲ. ನಿಮ್ಮನ್ನ."

"ನನಗೂ ಗೊತ್ತಿತ್ತು," ಎಂದಳು ಅವಳು. "ನೀವು ಎರಡನೇ ಸಲ ಬಂದ ಹ್ವಾದಾಗನ ಮೊಬೈಲಿನ್ಯಾಗ ನೋಡಿದ್ನಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬರೂದ ನಿಲ್ಲಸತಿದ್ರಿ."

ಆಚೆ ಕಾಶೆವ್ವ ಓಂಕಾರನ ಅಂಗಿಯ ಬಣ್ಣಕ್ಕೆ ತಕರಾರು ತೆಗೆದಿದ್ದಳು. ಜಿನದತ್ತ ದನಿ ತಗ್ಗಿಸಿದ. "ಇನ್ನೂ ಟೈಮ್ ಐತಿ. ನಿಮ್ಮ ಅಪ್ಪನ ಕೂಡ ಈಗ ಮಾತಾಡತೇನಿ. ಇಲ್ಲೇ."

ಶೈಲಾ ಗಾದಿಯ ಮೇಲಿದ್ದ ಸೀರೆಯನ್ನು ನೋಡಿದಳು. ಅವನ ಮೈಯಿಂದ ಈಗಷ್ಟೇ ಬಿಚ್ಚಿಟ್ಟ ಅದರ ನಿರಿಗೆಗಳು ಇನ್ನೂ ಹಾಗೇ ನಿಂತಿದ್ದವು.

"ಆವತ್ತ ಹೊಸ್ತಿಲದಾಗ ನಾ ಕೇಳಿದ್ನಲ್ರಿ," ಎಂದಳು. ಸಿಟ್ಟಿರಲಿಲ್ಲ, ತರಗತಿಯಲ್ಲಿ ಮುಗಿದ ಪಾಠವನ್ನು ಇನ್ನೊಮ್ಮೆ ಹೇಳುವ ದನಿ. "ನೀವು ಹುಣಸೀಹಣ್ಣಿನ ಮಾತ ಆಡಿದ್ರಿ. ಒಳಗ ಹೋಗಿ ಅಪ್ಪಗ ಹೂಂ ಅಂದ್ನಿ. ಓಂಕಾರ ಚಲೋ ಮನಿಷಾ ಅದಾರ. ಅವರು ಕೇಳಾಕ ಬಂದದ್ದನ್ನ ಬಂದ ದಿನಾನ ಕೇಳಿದ್ರು. ನಾ ಇನ್ನ ಅವರಿಗೆ ಕೊಟ್ಟ ಮಾತ ತಪ್ಪೂದಿಲ್ಲ."

ಕರವಸ್ತ್ರವನ್ನು ಮಾತ್ರ ಮಡಿಚಿ ಪರ್ಸಿನೊಳಗಿಟ್ಟುಕೊಂಡಳು. ಹೋಗುವಾಗ ಬಾಗಿಲಲ್ಲಿ ಒಮ್ಮೆ ನಿಂತಳು. ತಿರುಗುತ್ತಾಳೆಂದು ಅವನು ಕಾದ. ಚಪ್ಪಲಿ ಹಾಕಿಕೊಳ್ಳಲು ನಿಂತಿದ್ದಳು.

ಅಕ್ಕಿಕಾಳಿನ ದಿನ ಹುಕ್ಕೇರಿಗೆ ಅವನು ಹೋಗಲಿಲ್ಲ. ಅಂಗಡಿ ತೆರೆದು ಕುಳಿತಿದ್ದ. ಐದನೆಯ ಶಿಲುಬೆಯನ್ನು ನಾಲ್ಕರ ಪಕ್ಕ ಇಟ್ಟಾಗಿತ್ತು. ತೂಕ, ಆಕಾರ, ಮುದ್ರೆ ಎಲ್ಲವೂ ಒಂದೇ. ಐದನೆಯದರ ಮೇಲೆ ಮಾತ್ರ ಶೈಲಾ ಕಡೆಯ ಸೋಮವಾರ ಎಳೆದ ಮೂರು ಬಿಳಿ ಎಳೆಗಳಿದ್ದವು. ನಡುವಿನದರ ತುದಿಯಲ್ಲಿ, ಬೆರಳು ಎತ್ತಿದ ಕಡೆ, ಸಣ್ಣ ಗೆರೆಗಳ ಗುರುತು.

ರಾಜಮತಿ ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸಲು ಬಂದವಳು ಬಗ್ಗಿ ನೋಡಿದಳು.

"ಇದೊಂದ ಹೊಸಾದೇನೋ? ಎಷ್ಟ ಬೂದಿ ಹತ್ತೈತಿ. ಕೊಡಿಲ್ಲೆ, ಒರಸಿ ಇಡತೇನಿ."

ಜಿನದತ್ತ ಪೆಟ್ಟಿಗೆಯ ಬಾಗಿಲಿಗೆ ಅಡ್ಡ ಕೈ ಇಟ್ಟ.

"ಒರಸಬಾರದವ್ವ," ಎಂದ. "ಕಿಮ್ಮತ್ತ ಹೋಗತೈತಿ."