ಕರಾರಿಗೆ ಮೊದಲು ಉಕ್ಕಿದ ಹಾಲು

ಗಜೇಂದ್ರಗಡದ ನಮ್ಮ ಮನೆಗೆ ಮಹಡಿ ಕಟ್ಟಿಸಿ ಮೊದಲ ಸಲ ಬಾಡಿಗೆಗೆ ಕೊಡಲು ಹೊರಟಿದ್ದೆ. ಕರಾರು ಆಗದೆ ಕೀಲಿ ಕೊಡಬೇಡವೆಂದು ವಕೀಲರು ಹೇಳಿದ್ದರು.

"ಇವತ್ತ ದಿನಾ ಚಲೋ ಐತ್ರಿ ಅಣ್ಣಾರ, ಹಾಲ ಉಕ್ಕಸ್ತೀನಿ. ನಾಳೆ ಸಹಿ ಮಾಡೂಣು," ಎಂದಳು ಬಾಡಿಗೆಗೆ ಬಂದ ಹೆಣ್ಣುಮಗಳು. ಹೆಸರೂ ಕೇಳದೆ ಕೀಲಿ ಕೊಟ್ಟೆ.

ಬೆಳಿಗ್ಗೆ ಎಷ್ಟು ಕೂಗಿದರೂ ಒಳಗಿನ ಚಿಲಕ ತೆರೆಯಲಿಲ್ಲ. ಬಾಗಿಲು ಮುರಿದೆವು. ಯಾರೂ ಇರಲಿಲ್ಲ. ಒಲೆಯ ಮೇಲೆ ಹಾಲು ಇನ್ನೂ ಉಕ್ಕುತ್ತಿತ್ತು, ಮುಟ್ಟಿದರೆ ತಣ್ಣಗಿತ್ತು.

ಅಂದಿನಿಂದ ದಿನವೂ ಮುಸ್ಸಂಜೆಗೆ ಮಹಡಿಯಿಂದ ಉಕ್ಕಿದ ಹಾಲಿನ ವಾಸನೆ. ಮನೆ ನೋಡಲು ಬಂದವರು, "ಒಳಗ ಯಾರೋ ಅದಾರಲ್ರಿ," ಎಂದು ಮೆಟ್ಟಿಲಿನಿಂದಲೇ ತಿರುಗುತ್ತಾರೆ.

"ಖಾಲಿ ಮಾಡಸಾಕ ನೋಟಿಸ್ ಯಾರ ಹೆಸರಿಗೆ ಕಳಸ್ಲಿ?" ಎಂದು ವಕೀಲರೂ ಕೈಚೆಲ್ಲಿದರು.

ನಿನ್ನೆ ಸಂಜೆಯೂ ಹಾಲು ಉಕ್ಕಿದ ವಾಸನೆ ಬಂತು. ಆ ಒಲೆಯನ್ನು ನಾನು ಹೋದ ತಿಂಗಳೇ ಗುಜರಿಗೆ ಹಾಕಿದ್ದೇನೆ.